ವೇಲ್ಸಿಗೆ ಹೋದ ಕೌದಿ

ರಾಣೆಬೆನ್ನೂರು

ಪರದೇಶಕ್ಕೆ ಹೋಗಿ ಬಂದವರನ್ನು ಎಲ್ಲರೂ ಮೊದಲು ಕೇಳುವುದು, ಅಲ್ಲಿ ಏನೇನು ನೋಡಿದಿರಿ ಎಂದು. ನಾನು ನೋಡಿದ್ದು ನನ್ನ ಅತ್ತೆಯನ್ನು. ಲಂಡನ್ನಿನ ಸೇತುವೆ, ಅರಮನೆ, ಗಡಿಯಾರದ ಗೋಪುರ ಎಲ್ಲವೂ ಬಸ್ಸಿನ ಕಿಟಕಿಯಾಚೆ ಇದ್ದವಂತೆ. ಆ ಹೊತ್ತಿನಲ್ಲಿ ನಾನು ಸೀಟಿನ ಕೆಳಗೆ ತಲೆ ಹಾಕಿ ಅವರ ಎಲೆಅಡಿಕೆ ಚೀಲ ಹುಡುಕುತ್ತಿದ್ದೆ.

ನಾನು ಹಾವೇರಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮನೆ ರಾಣೆಬೆನ್ನೂರಿನಲ್ಲಿ, ದಿನವೂ ಬಸ್ಸಿನಲ್ಲಿ ಓಡಾಟ. ಗಂಡನಿಗೆ ಬೀಜದ ಅಂಗಡಿ ಇದೆ. ಅತ್ತೆ ನೀಲವ್ವನವರು ಕೌದಿ ಹೊಲಿಯುತ್ತಾರೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣ ಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವ ಹೊಲಿಗೆ ಅವರದು. ಹುಟ್ಟಿದ ಊರು ಕರ್ಜಗಿಯಲ್ಲಿ ಕಲಿತದ್ದನ್ನು ಈ ಮನೆಗೆ ತಂದರು. ಬಂಧುಬಳಗದಲ್ಲಿ ಅವರ ಕೌದಿ ಇಲ್ಲದ ಮನೆಯಿಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಹುಮ್ಮಸ್ಸಿನಿಂದ ಒಂದು ಮೂಲೆಯಲ್ಲಿ ಒಂದಿಷ್ಟು ಹೊಲಿಗೆ ಹಾಕಿದೆ. ಅವರು ಮಾತಾಡದೆ ಬಿಚ್ಚಿದರು. ಅಲ್ಲಿಂದಾಚೆ ನಾನು ಆ ಕಡೆ ಹೋಗಲಿಲ್ಲ.

ಹಿಂದಿನ ವರ್ಷ ಊರೂರು ತಿರುಗಿ ಕೈಕೆಲಸ ನೋಡುತ್ತಿದ್ದ ಒಬ್ಬ ವೇಲ್ಸಿನ ಹೆಂಗಸು, ಹೆಲೆನ್ ಎಂದು ಅವಳ ಹೆಸರು, ನಮ್ಮ ಮಾಳಿಗೆ ಹತ್ತಿ ಬಂದಿದ್ದಳು. ಅವತ್ತು ಅತ್ತೆ ಕೌದಿ ಒಗೆದಿದ್ದರು. ನೀರು ಕುಡಿದ ಕೌದಿ ಹಿಂಡಲು ಎರಡು ಆಳು ಬೇಕು. ಬಂದವಳು ಯಾರು, ಏನು ಎಂದು ಕೇಳುವ ಮೊದಲೇ ಅತ್ತೆ ಒಂದು ತುದಿಯನ್ನು ಅವಳ ಕೈಗೆ ಕೊಟ್ಟು, ತಿರುವು ಎಂದು ಸನ್ನೆ ಮಾಡಿದರು. ಪ್ಯಾಂಟು ಒದ್ದೆ ಮಾಡಿಕೊಂಡು ಹೋದ ಅವಳಿಗೆ ಅದೆಂಥ ಖುಷಿಯಾಯಿತೋ, ಆರು ತಿಂಗಳಿಗೆ ಆಮಂತ್ರಣ ಬಂತು. ಅವರ ಊರಿನ ವಸ್ತು ಸಂಗ್ರಹಾಲಯದಲ್ಲಿ ‘ಕೈಕೆಲಸ ಮತ್ತು ಸಂತೋಷ’ ಎಂಬ ಒಂದು ವಾರದ ಸಮಾವೇಶ. ಅತ್ತೆ ಅರ್ಧ ಹೊಲಿದ ಕೌದಿಯೊಂದನ್ನು ತಂದು ಅಲ್ಲಿ ಎಲ್ಲರೆದುರು ಮುಗಿಸಬೇಕು. ಜೊತೆಗೆ ಮಾತು ತಿಳಿಸಿ ಹೇಳಲು ಒಬ್ಬರು ಬರಬಹುದು.

ಗಂಡ ಹಿಂಗಾರಿ ಬೀಜದ ಮಾರಾಟದ ನೆಪ ಹೇಳಿ ಪಾರಾದರು. ದಸರೆ ರಜೆ ಇದ್ದವಳು ನಾನು, ಇಂಗ್ಲಿಷ್ ಬರುವವಳೂ ನಾನು. ಆ ಭಾಷೆ ಕಲಿತದ್ದಕ್ಕೆ ಅವತ್ತಿನಷ್ಟು ಯಾವತ್ತೂ ಪಶ್ಚಾತ್ತಾಪ ಪಟ್ಟಿಲ್ಲ.

ಅತ್ತೆಗೆ ಹೋಗುವುದರ ಬಗ್ಗೆ ಏನೂ ತಕರಾರಿರಲಿಲ್ಲ. ಒಂದೇ ಒಂದು ಕಿರಿಕಿರಿ. ಯಾರಿಗೆಂದು ಗೊತ್ತಿಲ್ಲದೆ ಅವರು ಕೌದಿಗೆ ಕೈ ಹಾಕುವವರಲ್ಲ. ಬಾಣಂತಿಗೆ ಒಂದು ಅಳತೆ, ಮುದುಕರಿಗೆ ಒಂದು ತೂಕ, ಮಗ್ಗುಲು ಬದಲಿಸುವ ಮಕ್ಕಳಿಗೆ ಇನ್ನೊಂದು ಅಗಲ. ಇದು ಯಾರಿಗೆ? ಆಮಂತ್ರಣದಲ್ಲಿ ಅದರ ಸುದ್ದಿಯೇ ಇರಲಿಲ್ಲ. ಅಲ್ಲಿಗೆ ಹೋಗಿ ಕೇಳೋಣ ಎಂದು ನಾನು ದಿನಕ್ಕೊಮ್ಮೆ ಹೇಳುತ್ತಿದ್ದೆ, ಅವರು ದಿನಕ್ಕೆರಡು ಸಲ ಕೇಳುತ್ತಿದ್ದರು.

ಗಡಿ ದಾಟುವ ಮೊದಲು

ಬ್ಯಾಡಗಿಯಲ್ಲಿರುವ ನಾದಿನಿ ಹೊರಡುವ ದಿನ ಬಂದು, ಅಲ್ಲಿನ ಊಟ ಸಪ್ಪೆಯಂತೆ ಎಂದು ಮೆಣಸಿನಕಾಯಿ ಪುಡಿಯ ದೊಡ್ಡ ಪೊಟ್ಟಣ ಕೊಟ್ಟಳು. ನನ್ನ ಶಾಲೆಯವರು ಹಾವೇರಿಯ ಏಲಕ್ಕಿ ಹಾರ ಕೊಟ್ಟರು. ಅತ್ತೆ ತಾವೇ ಕಟ್ಟಿದ್ದು ಖಡಕ್ ರೊಟ್ಟಿಯ ಗಂಟು, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ ಮತ್ತು ಕೌದಿ. ಕೌದಿಯೊಂದೇ ಒಂದು ಸೂಟ್‌ಕೇಸಿನ ತುಂಬ ಕೂತಿತು. ನನ್ನ ಸ್ವೆಟರು ಹೊರಗುಳಿಯಿತು.

ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನಮ್ಮ ಗಂಟು ಬಿಚ್ಚಿಸಿದ. ರೊಟ್ಟಿಯನ್ನು ಮೇಜಿಗೆ ಬಡಿದು ನೋಡಿ, ಇದು ಏನು ಎಂದ. ರೊಟ್ಟಿ ಎಂದೆ. ತಿನ್ನುವುದೇ ಎಂದ. ಹೌದು ಎಂದೆ. ಅತ್ತೆಗೆ ಅವನ ಅನುಮಾನ ಅರ್ಥವಾಗಿ, ಒಂದು ತುಂಡು ಮುರಿದು ಅವನ ಮುಂದೆಯೇ ಕಟುಮ್ಮೆಂದು ಕಡಿದು ತೋರಿಸಿದರು. ಆಮೇಲೆ ಅವನು ಮೆಣಸಿನಪುಡಿಯ ಪೊಟ್ಟಣಕ್ಕೆ ಮೂಗು ಕೊಟ್ಟ. ಬೇಡ ಎಂದು ಹೇಳುವಷ್ಟರಲ್ಲಿ ಆಗುವುದು ಆಗಿತ್ತು. ಸೀನುತ್ತ ಸೀನುತ್ತಲೇ ಕೈಬೀಸಿ ನಮ್ಮನ್ನು ಕಳಿಸಿಬಿಟ್ಟ. ಪಾಪ, ಅವನಿಗೆ ಅತ್ತೆ ಹಿಂದಿರುಗಿ ನೋಡಿ ನೀರು ಕುಡಿಯಲು ಸನ್ನೆ ಮಾಡಿದರು.

ಗ್ವೆನ್ ಅವರ ಮನೆ

ನಾವು ಹೋದ ಊರಿನ ಹೆಸರನ್ನು ಬರೆಯುವುದಿಲ್ಲ. ಬರೆದರೆ ನಿಮಗೆ ಓದಲಾಗದು, ನನಗೂ ಹೇಳಲಾಗದು. ವಾರವೆಲ್ಲ ಹೆಲೆನ್ ನನಗೆ ಅದನ್ನು ಕಲಿಸಲು ನೋಡಿದಳು. ಪ್ರತಿಸಲವೂ ನನ್ನ ನಾಲಗೆಯನ್ನು ಎಲ್ಲೋ ಒಂದು ಕಡೆ ಸಿಕ್ಕಿಸಿ ಬಿಟ್ಟುಬಿಡುತ್ತಿದ್ದಳು. ಸುತ್ತ ಹಸಿರು ಗುಡ್ಡ, ಗುಡ್ಡದ ತುಂಬ ಕುರಿ, ಕುರಿಗಳ ಮೇಲೆ ಮಳೆ. ಮಳೆ ಅಂದರೆ ನಮ್ಮಲ್ಲಿಯಂತೆ ಬಂದು ಹೋಗುವುದಲ್ಲ. ಜಿಟಿಜಿಟಿ, ಬೆಳಗಿನಿಂದ ಸಂಜೆ. ಅತ್ತೆ ಮೊದಲ ದಿನವೇ ಕೇಳಿದ್ದು, ಇವರು ಹಪ್ಪಳ ಎಲ್ಲಿ ಒಣಗಿಸುತ್ತಾರೆ ಎಂದು.

ನಮಗೆ ಇಳಿದುಕೊಳ್ಳಲು ಜಾಗ ಕೊಟ್ಟದ್ದು ಗ್ವೆನ್ ಎಂಬ ಎಪ್ಪತ್ತು ದಾಟಿದ ಹೆಂಗಸು. ಅವರೂ ಹಳೆಯ ಉಣ್ಣೆ ಬಟ್ಟೆಯ ತುಂಡು ಸೇರಿಸಿ ಹೊದಿಕೆ ಹೊಲಿಯುವವರು. ಒಳ್ಳೆಯವರು, ಆದರೆ ಎಲ್ಲದಕ್ಕೂ ಕ್ಷಮಿಸಿ ಎನ್ನುತ್ತಾರೆ. ಬಾಗಿಲಲ್ಲಿ ನಾನು ಅವರ ಕಾಲು ತುಳಿದರೆ ಅವರೇ ಕ್ಷಮೆ ಕೇಳುತ್ತಾರೆ. ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಕೋಸು, ಬೇಯಿಸಿದ ಇನ್ನೇನೋ ಒಂದು. ಎರಡನೆಯ ದಿನ ಅತ್ತೆ ತಟ್ಟೆಯ ಮೇಲೆ ಬ್ಯಾಡಗಿಯ ಪುಡಿ ಉದುರಿಸಿಕೊಂಡರು. ಮೂರನೆಯ ದಿನ ಗ್ವೆನ್ ಅವರ ತಟ್ಟೆಗೂ ಉದುರಿಸಿದರು. ಗ್ವೆನ್ ಅವರ ಕಣ್ಣಲ್ಲಿ ನೀರು ಬಂದು, ತುಂಬ ಚೆನ್ನಾಗಿದೆ, ಕ್ಷಮಿಸಿ ಎಂದರು.

ಇಬ್ಬರಿಗೂ ಒಂದು ಶಬ್ದವೂ ಪರಸ್ಪರ ತಿಳಿಯುತ್ತಿರಲಿಲ್ಲ. ಆದರೂ ಬೆಳಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ಕೂತು ಒಬ್ಬರ ಬಟ್ಟೆ ಒಬ್ಬರು ತಿರುವಿ ಹಿಂಬದಿಯ ಹೊಲಿಗೆ ನೋಡುತ್ತಿದ್ದರು. ನಾನು ಹೋದೊಡನೆ ಅತ್ತೆಗೆ ಹೇಳಬೇಕಾದ್ದು ಇಪ್ಪತ್ತು ನೆನಪಾಗುತ್ತಿತ್ತು. ಚಹಾ ತಣ್ಣಗಾಗುವವರೆಗೆ ನಾನು ಅದನ್ನೆಲ್ಲ ಇಂಗ್ಲಿಷಿಗೆ ಹಾಕಬೇಕು.

ಹಿಮದ ಪೆಟ್ಟಿಗೆ

ವಸ್ತು ಸಂಗ್ರಹಾಲಯಕ್ಕೆ ಕಾಲಿಟ್ಟ ದಿನವೇ ಕೈಗವಸು ತೊಟ್ಟ ಇಬ್ಬರು ಬಂದು ಕೌದಿಯನ್ನು ಮಗುವಿನಂತೆ ಎತ್ತಿಕೊಂಡು ಹೋದರು. ಅತ್ತೆಗೆ ಹೆಮ್ಮೆಯಾಯಿತು. ಎಲ್ಲಿಗೆ ಒಯ್ದರು ಕೇಳು ಎಂದರು. ಕೇಳಿದೆ. ಹೊರಗಿನಿಂದ ಬಂದ ಯಾವ ಬಟ್ಟೆಯಲ್ಲೇ ಆಗಲಿ ಹುಳ, ಮೊಟ್ಟೆ ಇರಬಹುದು, ಅದಕ್ಕೇ ಮೊದಲು ಹಿಮಗಟ್ಟಿಸುವ ಪೆಟ್ಟಿಗೆಯಲ್ಲಿ ಮೂರು ದಿನ ಇಡುವುದು ಇಲ್ಲಿಯ ನಿಯಮ ಎಂದಳು ಹೆಲೆನ್.

ಮೂರು ದಿನ ಎಂದರೆ ವಾರದ ಅರ್ಧ. ನನ್ನ ತಲೆ ಬಿಸಿಯಾಯಿತು. ಅತ್ತೆಯ ತಲೆ ಬಿಸಿಯಾದದ್ದು ಬೇರೆ ಕಾರಣಕ್ಕೆ. ಅಂಥ ಪೆಟ್ಟಿಗೆಯನ್ನು ಅವರು ಹಿಂದಿನ ದಿನ ಅಂಗಡಿಯಲ್ಲಿ ನೋಡಿದ್ದರು, ಅದರ ತುಂಬ ಕೋಳಿ ಇತ್ತು. ಇದು ಬೇರೆ ಪೆಟ್ಟಿಗೆ, ಇದರಲ್ಲಿ ಬರೀ ಬಟ್ಟೆ ಇಡುತ್ತಾರೆ ಎಂದು ನಾನು ಹೇಳಿದ್ದೇ ಹೇಳಿದ್ದು. ಕಡೆಗೆ ಹೆಲೆನ್ ನಮ್ಮನ್ನು ಕೆಳಗಿನ ಕೋಣೆಗೆ ಕರೆದೊಯ್ದು ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಬೇಕಾಯಿತು. ಒಂದು ಹಳೆಯ ರಗ್ಗಿನ ಪಕ್ಕದಲ್ಲಿ ನಮ್ಮ ಕೌದಿ ಪ್ಲಾಸ್ಟಿಕ್ ಸುತ್ತಿಸಿಕೊಂಡು ಮಲಗಿತ್ತು.

"ಹುಳಾ ಅದಾವಂತ?" ಅತ್ತೆ ಕೇಳಿದರು. "ನನ್ನ ಕೌದ್ಯಾಗ?"

ಇಲ್ಲ, ನಿಯಮ ಎಂದೆ.

"ಬಿಸಲಿಗಿ ಹಾಕಿದ್ರ ಮುಗೀತಿತ್ತು."

ಅದನ್ನೂ ಹೆಲೆನ್‌ಗೆ ಹೇಳಿದೆ. ಅವಳು ಕಿಟಕಿಯ ಕಡೆ ನೋಡಿ ನಕ್ಕಳು. ಹೊರಗೆ ಮಳೆ ಸುರಿಯುತ್ತಲೇ ಇತ್ತು.

ಸಂತೋಷದ ಸಭೆ

ಕೌದಿ ಇಲ್ಲದ ಮೂರು ದಿನ ನಮಗೆ ಸಂತೋಷದ ಪಾಠ ಆಯಿತು. ಕುರ್ಚಿಗಳನ್ನು ದುಂಡಗೆ ಹಾಕಿ ಎಲ್ಲರೂ ಕೂತು, ಕಣ್ಣು ಮುಚ್ಚಿ ಉಸಿರೆಳೆದುಕೊಂಡು, ಕೈಕೆಲಸ ತಮಗೆ ಏನು ಕೊಟ್ಟಿದೆ ಎಂದು ಒಬ್ಬೊಬ್ಬರಾಗಿ ಹೇಳಬೇಕು. ಗಡಿಗೆ ಮಾಡುವವಳೊಬ್ಬಳು ಅತ್ತಳು. ಬುಟ್ಟಿ ಹೆಣೆಯುವವಳು ಅವಳ ಬೆನ್ನು ಸವರಿದಳು. ಕಟ್ಟಿಗೆಯ ಚಮಚ ಕೆತ್ತುವ ಗಡ್ಡದವನು, ಕೆತ್ತುತ್ತ ಕೂತರೆ ನನ್ನನ್ನೇ ನಾನು ಮರೆಯುತ್ತೇನೆ ಎಂದ.

"ಚಾಕು ಹಿಡದಾಗ ಮೈ ಮರತರ ಕೈ ಕೊಯ್ಕೊಂತಾನ," ಅತ್ತೆ ನನ್ನ ಕಿವಿಯಲ್ಲಿ ಹೇಳಿದರು. ಅವನ ಬೆರಳಿಗೆ ಪಟ್ಟಿ ಇತ್ತು. ನನಗೆ ನಗು ಬಂದು ಕೆಮ್ಮಿನಂತೆ ಮಾಡಿದೆ. ಎಲ್ಲರೂ ನನ್ನನ್ನು ಕನಿಕರದಿಂದ ನೋಡಿದರು.

ಅತ್ತೆಯ ಸರದಿ ಬಂತು. ಕೌದಿ ಹೊಲಿಯುವಾಗ ನಿಮಗೆ ಏನನ್ನಿಸುತ್ತದೆ ಎಂದು ಹೆಲೆನ್ ಮೆಲ್ಲಗೆ ಕೇಳಿದಳು.

"ನಡಾ ನೋಯ್ತೈತಿ," ಎಂದರು ಅತ್ತೆ.

ಸೊಂಟ ನೋಯುತ್ತದಂತೆ ಎಂದು ಹೇಳಿದೆ. ಸಭೆ ಇನ್ನೂ ಕಾಯುತ್ತಿತ್ತು. ಬೇರೆ ಏನಾದರೂ, ಮನಸ್ಸಿಗೆ? ನಾನು ಅತ್ತೆಯ ಕಡೆ ತಿರುಗಿ, ಏನಾದರೂ ಒಂದು ಚಂದ ಮಾತು ಹೇಳಿರಿ, ಇವರು ಬಿಡುವುದಿಲ್ಲ ಎಂದು ಬೇಡಿಕೊಂಡೆ. ಅವರು ತುಸು ಯೋಚಿಸಿ, ಹೊಲಿಯುವಾಗ ತಮಗೆ ಅದರಡಿ ಮಲಗುವವರ ಮುಖ ಕಣ್ಣಮುಂದೆ ಇರುತ್ತದೆ, ಈ ಕೌದಿಯಲ್ಲಿ ಯಾರ ಮುಖವೂ ಇಲ್ಲ, ಇದು ಯಾರಿಗೆಂದು ಮೊದಲು ಕರೆಸಿದಾಕೆಯೇ ಹೇಳಲಿ ಎಂದರು. ನಾನು ಮೊದಲ ಅರ್ಧ ಹೇಳುವಷ್ಟರಲ್ಲಿ ಎಲ್ಲರೂ ಆಹಾ ಎಂದು ಚಪ್ಪಾಳೆ ತಟ್ಟಿದರು. ಉಳಿದರ್ಧ ಚಪ್ಪಾಳೆಯಲ್ಲಿ ಹೋಯಿತು. ಹೆಲೆನ್ ಮುಂದಿನವರ ಕಡೆ ತಿರುಗಿಬಿಟ್ಟಳು.

ಹೆಬ್ಬೆರಳು

ನಾಲ್ಕನೆಯ ದಿನ ಕೌದಿ ಹೊರಬಂತು. ಅದೇ ಬೆಳಗ್ಗೆ ಅತ್ತೆಯ ಬಲಗೈ ಹೆಬ್ಬೆರಳು ಬಾತುಕೊಂಡಿತ್ತು. ಆ ಥಂಡಿ, ಆ ತೇವ ಅವರ ಕೀಲುಗಳಿಗೆ ಒಗ್ಗಲಿಲ್ಲ. ಗ್ವೆನ್ ಬಿಸಿನೀರಿನ ಚೀಲ ಕೊಟ್ಟರು, ಮುಲಾಮು ತಿಕ್ಕಿದರು, ಕ್ಷಮಿಸಿ ಎಂದರು. ಸೂಜಿ ಹಿಡಿಯಲು ಆಗಲೇ ಇಲ್ಲ. ಕೌದಿ ಇನ್ನೂ ಅರ್ಧ ಉಳಿದಿತ್ತು.

ಎಲ್ಲರೂ ನೋಡಲು ಬರುವ ದಿನ ಕೌದಿ ಹಾಗೇ ಬಿದ್ದಿದ್ದರೆ ಏನು ಚಂದ ಎಂದು ಅತ್ತೆ ಗೊಣಗಿದರು. ಚಹಾ ಕುಡಿದಾದ ಮೇಲೆ ಗ್ವೆನ್ ಅವರಿಂದ ಸೂಜಿಗೆ ದಾರ ಹಾಕಿಸಿ, ಎಡಗೈಯಿಂದ ನನ್ನ ಮುಂದೆ ಹಿಡಿದರು.

ನನಗೆ ಬಾರದು ಎಂದೆ.

"ಬರ್ತೈತಿ ಅಂತ ಯಾರಂದ್ರು? ಹೊಲಿ."

ಆ ಎರಡು ದಿನಗಳನ್ನು ನಾನು ಬದುಕಿರುವ ತನಕ ಮರೆಯಲಾರೆ. ಕಲಿಸುವವಳು ನಾನು, ಮೂವತ್ತು ಮಂದಿಯೆದುರು ಶಿಕ್ಷೆಗೆ ಕೂತ ವಿದ್ಯಾರ್ಥಿಯಂತಾದೆ. ದೊಡ್ಡ ಕೋಣೆಯ ನಡುವೆ ನೆಲಕ್ಕೆ ಹಾಸಿದ ಕೌದಿ, ಅದರ ಮೇಲೆ ಬಗ್ಗಿದ ನಾನು, ಪಕ್ಕದಲ್ಲಿ ಮೊಳಕಾಲು ಮಡಚಿ ಕೂತ ಅತ್ತೆ, ಸುತ್ತ ಕ್ಯಾಮರಾ ಹಿಡಿದ ಜನ. ನಾನು ಒಂದು ಸಾಲು ಹೊಲಿದೆ. ಅತ್ತೆ ಎಡಗೈಯಿಂದ ಎಳೆದು ಬಿಚ್ಚಿದರು. ಇನ್ನೊಂದು ಸಾಲು ಹೊಲಿದೆ. ಅದನ್ನೂ ಬಿಚ್ಚಿದರು.

"ಇಷ್ಟ್ ಉದ್ದ ಹೊಲಿಗಿ ಹಾಕಿದ್ರ ಮಲಗಿದವ್ರ ಕಾಲಬೆರಳ ಸಿಕ್ಕೊಂತೈತಿ. ನಡರಾತ್ರ್ಯಾಗ ಯಾರ ಬಿಡಿಸ್ಕೊಂತ ಕುಂದರಬೇಕು?"

ಎಷ್ಟು ಚೆನ್ನಾಗಿ ಕಲಿಸುತ್ತಿದ್ದಾರೆ ಎಂದು ಒಬ್ಬಾಕೆ ನನಗೆ ಹೇಳಿದಳು. ಬೈಯುತ್ತಿದ್ದಾರೆ ಎಂದೆ. ಓ, ಎಷ್ಟು ಸುಂದರ ಎಂದಳು. ಇವರಿಗೆ ಎಲ್ಲವೂ ಸುಂದರ. ಮಳೆ ಸುಂದರ, ಕುರಿ ಸುಂದರ, ಅತ್ತೆ ಸೊಸೆ ಜಗಳ ಸುಂದರ. ಇವರನ್ನೆಲ್ಲ ಒಂದು ವಾರ ಬೇಸಿಗೆಯಲ್ಲಿ ರಾಣೆಬೆನ್ನೂರು ಹಾವೇರಿ ಬಸ್ಸಿನಲ್ಲಿ ನಿಲ್ಲಿಸಿ ಓಡಾಡಿಸಬೇಕು ಎಂದು ನನ್ನ ಮನಸ್ಸಿಗೆ ಬಂತು.

ಮಧ್ಯಾಹ್ನದ ಹೊತ್ತಿಗೆ ನನ್ನ ಬೆರಳ ತುದಿಯೆಲ್ಲ ಚುಚ್ಚಿ ಕೆಂಪಾಗಿತ್ತು. ಸಂಜೆಗೆ ಗೊತ್ತಾಯಿತು, ಅತ್ತೆ ಬಹಳ ಹೊತ್ತಿನಿಂದ ಏನನ್ನೂ ಬಿಚ್ಚಿಲ್ಲ. ತಲೆ ಎತ್ತಿ ನೋಡಿದೆ. ಅವರು ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ಓಹೋ ಇದಕ್ಕೇ ಎಂದುಕೊಂಡೆ. ಎದ್ದ ಮೇಲೆ ನನ್ನ ಸಾಲುಗಳ ಮೇಲೆ ಅಂಗೈ ಆಡಿಸಿದರು. ದಾರ ಕಡಿಮೆ ಬಿದ್ದೀತು, ಉಳಿಸಿ ಹೊಲಿ ಎಂದಷ್ಟೇ ಹೇಳಿದರು.

ಹೇಳಿದರೆ ನಗುತ್ತೀರಿ, ಅವತ್ತು ರಾತ್ರಿ ಊಟ ಮಾಡುವಾಗಲೂ ನನ್ನ ಕೈ ಹೊಲಿಗೆಯನ್ನೇ ಬಯಸುತ್ತಿತ್ತು. ದುಂಡು ಕುರ್ಚಿಯ ಸಭೆಯಲ್ಲಿ ಕಣ್ಣುಮುಚ್ಚಿ ಸಿಗದಿದ್ದ ಸಂತೋಷ ಬೈಸಿಕೊಂಡು ಹೊಲಿಯುವುದರಲ್ಲಿ ಸಿಕ್ಕಿತ್ತು. ಇದನ್ನು ಹೆಲೆನ್‌ಗೆ ಹೇಳಲಿಲ್ಲ. ಹೇಳಿದ್ದರೆ ಮತ್ತೊಮ್ಮೆ ಸಭೆ ಕರೆಯುತ್ತಿದ್ದಳು.

ಕೊನೆಯ ದಿನ

ಮಾರನೆಯ ದಿನವೂ ಹೊಲಿದು, ಸಮಾವೇಶದ ಕೊನೆಯ ಬೆಳಗ್ಗೆ ನಡುವಿಗೆ ಬಂದೆ. ಅಂಗೈಯಗಲದ ಜಾಗ ಮಾತ್ರ ಉಳಿದಿತ್ತು. ಅದನ್ನು ನಮ್ಮಲ್ಲಿ ಕೌದಿಯ ಹೊಟ್ಟೆ ಎನ್ನುತ್ತಾರೆ. ಹೊಟ್ಟೆಯನ್ನು ಖಾಲಿ ಇಟ್ಟು ಮುಚ್ಚುವ ಹಾಗಿಲ್ಲ. ಒಂದು ಚೂರು ರೊಟ್ಟಿ ಇಟ್ಟು, ಮೇಲೆ ಕಡೆಯ ತುಂಡು ಬಟ್ಟೆ ಹಾಕಿ ಹೊಲಿಯಬೇಕು. ಕೌದಿ ಉಪವಾಸ ಇದ್ದರೆ ಅದರಡಿ ಮಲಗಿದವರಿಗೆ ಎಲ್ಲಿಯ ನಿದ್ದೆ?

ಅತ್ತೆ ಸೆರಗಿನ ಗಂಟಿನಿಂದ ಖಡಕ್ ರೊಟ್ಟಿ ತೆಗೆದರು. ಹೆಲೆನ್ ಓಡಿ ಬಂದಳು. ಇದೇನು ಎಂದಳು. ಹೇಳಿದೆ. ಬಟ್ಟೆಯೊಳಗೆ ತಿನ್ನುವ ವಸ್ತು ಇಟ್ಟರೆ ಹುಳ ಬರುತ್ತದೆ, ಇಲಿ ಬರುತ್ತದೆ, ಸಂಗ್ರಹದಲ್ಲಿರುವ ಬೇರೆ ಬಟ್ಟೆಗಳೂ ಹಾಳಾಗುತ್ತವೆ, ಸಾಧ್ಯವೇ ಇಲ್ಲ ಎಂದಳು.

ಯಾವ ಸಂಗ್ರಹ ಎಂದು ಕೇಳಿದೆ. ಈ ಕೌದಿ ಇನ್ನು ಇಲ್ಲಿಯೇ ಇರುತ್ತದಲ್ಲ, ನಿಮಗೆ ಗೊತ್ತಿದೆ ಎಂದುಕೊಂಡಿದ್ದೆ ಎಂದಳು. ತೆಳುವಾದ ಕಾಗದದಲ್ಲಿ ಸುತ್ತಿ, ಬೆಳಕು ಬೀಳದ ಖಾನೆಯಲ್ಲಿ, ಕೈಗವಸಿಲ್ಲದೆ ಯಾರೂ ಮುಟ್ಟದ ಹಾಗೆ ನೂರು ವರ್ಷ ಕಾಪಾಡುತ್ತೇವೆ. ಅವಳು ಅದನ್ನು ಹೇಳಿದ ರೀತಿಯಲ್ಲಿ ಗೌರವವೇ ಇತ್ತು, ಅದರಲ್ಲಿ ಸುಳ್ಳಿಲ್ಲ. ನಾನು ಒಂದೊಂದೇ ಮಾತನ್ನು ಅತ್ತೆಗೆ ತಿಳಿಸಿದೆ.

ಅವರು ರೊಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಹಂಗಾರ ಇದನ್ನ ಯಾರೂ ಹೊಚ್ಚಿಕೊಳ್ಳೂದಿಲ್ಲ?"

ಇಲ್ಲ ಎಂದೆ.

ಅವರ ಮುಖ ನೋಡಲಾಗಲಿಲ್ಲ. ವಾರವೆಲ್ಲ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೊತ್ತು ಹಾಕಿ ನನಗೂ ಸಾಕಾಗಿತ್ತು. ಹೆಲೆನ್ ಕಡೆ ತಿರುಗಿದೆ. ಅತ್ತೆ ಹೇಳದಿದ್ದ ಮಾತನ್ನು ಮೊದಲ ಸಲ ನಾನೇ ಹೇಳಿದೆ. ಈ ಕೌದಿಯನ್ನು ಕೊಡುವುದಿಲ್ಲ, ಇದರ ಅರ್ಧ ಹೊಲಿದವಳು ನಾನು, ಇದು ನಮ್ಮ ಮನೆಗೆ ವಾಪಸು ಬರುತ್ತದೆ, ಇದರಲ್ಲಿ ರೊಟ್ಟಿಯೂ ಇರುತ್ತದೆ.

ಹತ್ತಿರವೇ ಕೂತಿದ್ದ ಗ್ವೆನ್ ಎದ್ದು ಬಂದು ಹೆಲೆನ್‌ಗೆ ಅವರ ವೇಲ್ಸ್ ಭಾಷೆಯಲ್ಲಿ ಏನೋ ಹೇಳಿದರು. ಅದರಲ್ಲಿ ಕ್ಷಮಿಸಿ ಎಂಬ ಧಾಟಿಯ ಮಾತು ಒಂದೂ ಇರಲಿಲ್ಲ. ಹೆಲೆನ್ ಕೌದಿಯ ಕಡೆ ನೋಡಿ, ಮುಗಿದ ಮೇಲೆ ಒಂದು ಫೋಟೊ ಆದರೂ ತೆಗೆದುಕೊಳ್ಳಬಹುದೇ ಎಂದು ಕೇಳಿದಳು. ತೆಗೆದುಕೊ ಎಂದೆ.

"ಆಕಿಗೆ ಏನಂದಿ?" ಅತ್ತೆ ನನ್ನ ಕೈ ಜಗ್ಗಿದರು.

ಇದನ್ನು ಕೊಡುವುದಿಲ್ಲ, ಮನೆಗೆ ಒಯ್ಯುತ್ತೇವೆ ಎಂದೆ.

"ಮನ್ಯಾಗ ಎಲ್ಲಾರಿಗೂ ಅದಾವ. ಯಾರಿಗಿ ಇದು?"

"ನಿಮಗ್ರಿ ಅತ್ತಿ."

ಬಾಯಿಂದ ಬಂದ ಮೇಲೆ ನನಗೇ ಹೊಳೆಯಿತು. ಇಷ್ಟು ವರ್ಷದಲ್ಲಿ ಅವರು ಹೊದೆದದ್ದು ಪಕ್ಕದ ಮೇಡ್ಲೇರಿಯಲ್ಲಿ ನೇಯ್ದ ಒಂದು ಹಳೆಯ ಕಂಬಳಿ. ಮಕ್ಕಳಿಗೆ, ಸೊಸೆಗೆ, ಮೊಮ್ಮಕ್ಕಳಿಗೆ, ಬೀಗರಿಗೆ, ಓಣಿಯ ಬಾಣಂತಿಯರಿಗೆ ಹೊಲಿದ ಈ ಹೆಂಗಸಿಗೆ ಒಂದು ಕೌದಿ ಹೊಲಿದುಕೊಟ್ಟವರು ಇರಲಿಲ್ಲ. ನಾವು ಯಾರೂ ಅದನ್ನು ಯೋಚಿಸಿಯೂ ಇರಲಿಲ್ಲ.

ಅತ್ತೆ ತಲೆ ತಗ್ಗಿಸಿ ಕೌದಿಯ ಅಂಚನ್ನು ಎಡಗೈಯಿಂದ ಸರಿಮಾಡುತ್ತ ಕೂತರು. ಸರಿಮಾಡಲು ಅಲ್ಲಿ ಏನೂ ಇರಲಿಲ್ಲ. ಆಮೇಲೆ ಬಾಯಿ ಬಿಟ್ಟರು.

"ನನಗಂತ ಯಾರೂ ಹೊಲಿದಿಲ್ಲವ್ವಾ ಸುಮಾ."

ಏನಂದರು ಎಂದು ಹೆಲೆನ್ ಕೇಳಿದಳು. ನಾನು ಹೇಳಲಿಲ್ಲ. ಅದನ್ನು ಇಂಗ್ಲಿಷಿಗೆ ತರುವ ಮನಸ್ಸು ನನಗಿರಲಿಲ್ಲ.

ತೊಡೆಯ ಮೇಲಿದ್ದ ರೊಟ್ಟಿಯನ್ನು ಅತ್ತೆ ನನ್ನ ಕೈಗೆ ಕೊಟ್ಟರು. ತಾವು ಹೊದೆಯುವ ಕೌದಿಗೆ ತಾವೇ ಉಣಿಸಬಾರದು, ನೀನೇ ಇಡು ಎಂದರು. ಇಲಿಯ ನೆನಪಾಗಿ ನಾನು ಉಗುರಿನಷ್ಟು ಚೂರು ಮುರಿದೆ.

"ಅಷ್ಟಕ್ಕ ಹೊಟ್ಟಿ ತುಂಬತೈತೇನು? ದೊಡ್ಡದು ಇಡು."

ದೊಡ್ಡದೇ ಇಟ್ಟೆ.